ಹಿಂದಿನ ಸೀಟಿನ ಭಾರ

ನುನಾಲಿಕ್
ಅಕ್ಟೋಬರ್ ೧೪, ೧೯೯೬

ಪ್ರೀತಿಯ ಅಗಾಫ್ಯಾ ಅಕ್ಕನಿಗೆ,

ನೀನೂ ಮಕ್ಕಳೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಬೆತೆಲ್ ಪಟ್ಟಣದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ನಾಲ್ಕೇ ಬೀದಿ. ಆದರೂ ಒಂದು ತಿಂಗಳಿಂದ ನಿನ್ನ ಬಾಗಿಲಿಗೆ ಬಂದಿಲ್ಲ. ನಾನು ಮುನಿಸಿಕೊಂಡಿದ್ದೇನೆ ಅಂತ ಊರೆಲ್ಲ ಹೇಳಿಕೊಂಡು ಬಂದೆಯಂತೆ. ಮುನಿಸಲ್ಲ ಅಕ್ಕ, ಕ್ಷಮಿಸು. ಎದುರು ಕೂತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಈ ಹಳ್ಳಿಯಲ್ಲಿ ಸಿಕ್ಕಿಬಿದ್ದು ಇವತ್ತಿಗೆ ಆರು ದಿನ. ಅಂಚೆ ಇಳಿಸಿ ಹತ್ತು ನಿಮಿಷದಲ್ಲಿ ಹೊರಡುವವನಿದ್ದೆ. ಅಷ್ಟರಲ್ಲಿ ನದಿಯ ಕಡೆಯಿಂದ ದಟ್ಟ ಮಂಜು ಬಂದು ಕೂತಿತು. ಜಲ್ಲಿ ರನ್‌ವೇಯ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ. ಎಷ್ಟು ಬಲದ ಟರ್ಬೊಪ್ರಾಪ್ ವಿಮಾನವಾದರೇನು, ದಾರಿ ಕಾಣದಿದ್ದರೆ ಅದೂ ಒಂದು ತಗಡಿನ ಡಬ್ಬವೇ. ಬೆಳಿಗ್ಗೆ ರೆಕ್ಕೆಯ ಮೇಲಿನ ಮಂಜುಗಡ್ಡೆಯನ್ನು ಪೊರಕೆಯಲ್ಲಿ ಹೊಡೆದು ಕೆಡವುತ್ತೇನೆ, ಮಧ್ಯಾಹ್ನಕ್ಕೆ ಮತ್ತೆ ಕಟ್ಟಿರುತ್ತದೆ. ಸರಕು ಇಳಿಸಿಕೊಳ್ಳುವ ಮೋಸೆಸ್ ದಿನಾ ಬಂದು ಕಾಡುತ್ತಾನೆ: "ಏನಯ್ಯಾ ಪೈಲಟ್ಟು, ನಮ್ಮೂರಲ್ಲೇ ಒಂದು ಹೆಣ್ಣು ನೋಡ್ಲಾ? ಹೆಂಗೂ ಇಲ್ಲೇ ಇರೋನಲ್ವಾ ನೀನು!"

ನನಗೆ ನಗು ಬರುವುದಿಲ್ಲ. ನನಗೆ ತಂಗಲು ಜಾಗ ಕೊಟ್ಟಿರುವವಳು ಮಾತ್ರೋನಾ ಅಜ್ಜಿ. ಊರಲ್ಲಿ ಖಾಲಿ ಮಂಚ ಇರುವುದು ಅವಳ ಮನೆಯಲ್ಲಿ ಮಾತ್ರ. ಅವಳ ಗಂಡ ವಸೀಲಿ ಮಲಗುತ್ತಿದ್ದ ಮಂಚ ಅದು.

ಅವರ ಕಥೆ ಅರ್ಧ ನಿನಗೂ ಗೊತ್ತು. ಸೆಪ್ಟೆಂಬರಿನಲ್ಲಿ ವಸೀಲಿ ಬೆತೆಲ್ ಆಸ್ಪತ್ರೆಯಲ್ಲಿದ್ದ. ಬೇಗ ಬನ್ನಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅಜ್ಜಿ ಬಟ್ಟೆಗಂಟು ಹಿಡಿದು ನನ್ನ ವಿಮಾನದ ಹತ್ತಿರ ಬಂದಳು. "ಭಾರ ಜಾಸ್ತಿ ಆಗಿದೆ ಅಜ್ಜಿ. ಇಷ್ಟು ಗಿಡ್ಡ ರನ್‌ವೇಲಿ ತೂಕ ಮೀರಿದ್ರೆ ನದೀನೇ ಗತಿ. ನಾಳೆ ನಿನ್ನೇ ಮೊದ್ಲು ಹತ್ತಿಸ್ತೀನಿ" ಅಂದೆ. "ಆಗ್ಲಿ ಮಗಾ" ಅಂದು ಹಿಂದೆ ಸರಿದಳು. ಮಾರನೆಯ ದಿನ ಮಂಜು. ಅದರ ಮಾರನೆಯ ದಿನವೂ ಮಂಜು. ಮೂರನೆಯ ದಿನ, ಅವಳನ್ನು ಕರೆದೊಯ್ಯಬೇಕಾಗಿದ್ದ ನಾನು ಅವನ ಶವಪೆಟ್ಟಿಗೆಯನ್ನು ತಂದು ಇಳಿಸಿದೆ.

ಈಗ ಅವಳೇ ನನಗೆ ಬಡಿಸುತ್ತಾಳೆ. ಒಣ ಸಾಲ್ಮನ್ ಮೀನು, ಸೀಲ್ ಪ್ರಾಣಿಯ ಎಣ್ಣೆ, ಗಟ್ಟಿ ಬಿಸ್ಕತ್ತು. "ತಿನ್ನೋ! ಹಿಂಗೇ ಒಣಗಿದ್ರೆ ಗಾಳೀಗೇ ಹಾರಿಹೋಗ್ತೀಯ, ವಿಮಾನ ಬೇರೆ ಯಾಕೆ ನಿಂಗೆ?" ಅಂತ ಗದರುತ್ತಾಳೆ. ನೆರೆಯವರು ವಸೀಲಿಯ ಮಾತೆತ್ತಿದರೆ, "ಭಾರ ಅಂದ್ಮೇಲೆ ಭಾರ. ಹುಡುಗ ಏನ್ ಮಾಡ್ತಾನೆ?" ಅಂತ ನನ್ನ ಪರ ನಿಲ್ಲುತ್ತಾಳೆ. ಆ ಮಾತು ನನಗೆ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹೊರಗೆ ಹೋದರೆ ಮಂಜು, ಒಳಗೆ ಬಂದರೆ ಅವಳ ಅಕ್ಕರೆ. ಎಲ್ಲಿಗೆ ಹೋಗಲಿ ಹೇಳು ಅಕ್ಕ.

ಅಂಚೆ ಸಾಗಿಸುವವನೇ ಇಲ್ಲಿ ಕೂತಿರುವುದರಿಂದ ಈ ಕಾಗದವೂ ನನ್ನ ಜೊತೆ ಕಾಯಬೇಕು. ಮಂಜು ಸರಿದ ದಿನ ನಿನ್ನ ಬಾಗಿಲಡಿ ತೂರಿಸಿ ಹೋಗುತ್ತೇನೆ. ದೇವರು ನಿನ್ನನ್ನೂ ಮಕ್ಕಳನ್ನೂ ಕಾಯಲಿ.

ನಿನ್ನ ತಮ್ಮ,
ಇಲ್ಯಾ

ತಾ.ಕ.: ಅವತ್ತು ಭಾರ ಜಾಸ್ತಿ ಇದ್ದದ್ದು ನಿಜ. ಆದರೆ ಹಿಂದಿನ ಸೀಟು ಬಿಚ್ಚಿ ಅಲ್ಲಿ ಬಿಗಿದಿದ್ದು ನಿನ್ನ ಕಬ್ಬಿಣದ ಒಲೆ. ಈ ಊರು ಬಿಟ್ಟು ಹೋಗುತ್ತಿದ್ದ ಮೇಷ್ಟರಿಂದ ನಿನಗಾಗಿ ತಂದದ್ದು. ಅದನ್ನು ಇಳಿಸಿದ್ದರೆ ಅಜ್ಜಿ ಕೂರುತ್ತಿದ್ದಳು. ಮೇಲೆ ಟಾರ್ಪಾಲು ಹೊದಿಸಿದ್ದೆ, ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಚಹಾ ಬಗ್ಗಿಸುತ್ತಾ ಅವಳು ಕೇಳಿದಳು: "ನಿಮ್ಮಕ್ಕನ ಮನೇಲಿ ಆ ಒಲೆ ಚೆನ್ನಾಗಿ ಉರಿಯುತ್ತಾ ಮಗಾ?"

"ಹೂಂ" ಅಂದೆ.

"ಒಳ್ಳೇದಾಯ್ತು" ಅಂದು ನನ್ನ ಲೋಟ ತುಂಬಿಸಿದಳು.