ಮೌನದ ದಿನಗಳಲ್ಲಿ ರೊಟ್ಟಿ ಬಡಿಯುವ ಬಗ್ಗೆ

ಪೂಜ್ಯ ಫಾದರ್ ಅವರಿಗೆ, ಅಡುಗೆಮನೆಯಿಂದ ದೇವಿಕಾಳ ನಮಸ್ಕಾರಗಳು.

ಮಾತಾಡುವ ಹಾಗಿಲ್ಲದ್ದರಿಂದ ಬರೆಯುತ್ತಿದ್ದೇನೆ. ಮಾತಾಡುವ ಹಾಗಿದ್ದರೂ ನಿಮ್ಮೆದುರು ನನಗೆ ಬಾಯಿ ಬರುವುದಿಲ್ಲ.

ವ್ರತ ತೆಗೆದುಕೊಳ್ಳಲಿರುವ ಐವರು ಬ್ರದರ್‌ಗಳಿಗೆ ಎಂಟು ದಿನ ಮೌನ, ಅಡುಗೆಮನೆಯಿಂದಲೂ ಸದ್ದು ಬರಬಾರದು ಎಂದಿರಿ. ಜೋಳದ ರೊಟ್ಟಿಯನ್ನು ಬಡಿಯದೆ ಮಾಡುವುದು ಹೇಗೆಂದು ಭಂಕೂರಿನ ಮನೆಯಲ್ಲಿ ಅವ್ವನನ್ನು ಕೇಳಿದೆ. "ನಿನ್ ಬಾಯಿ ಮುಚ್ಕೋಬಹುದವಾ, ರೊಟ್ಟಿ ಬಾಯಿ ಹ್ಯಾಂಗ ಮುಚ್ಚತಿ?" ಎಂದು ನಕ್ಕಳು. ಸದ್ದು ಮಾಡಿದರೆ ಕೆಲಸ ಹೋದೀತೆಂದು ನಾಲ್ಕು ದಿನ ಬರೀ ಅನ್ನ ಮಾಡಿದೆ.

ಮೊನ್ನೆ ಸೇಡಂ ಕಡೆಯ ಬ್ರದರ್ ಬಾಗಿಲಲ್ಲಿ ನಿಂತು ಅಂಗೈಗೆ ಅಂಗೈ ತಟ್ಟಿದರು. ಪಾರಿವಾಳ ಓಡಿಸುತ್ತಿದ್ದಾರೆಂದು ತಿಳಿದು ನಾನೂ ಹೊರಗೆ ಬಂದು ಓಡಿಸಿದೆ. ನಿನ್ನೆ ಐವರೂ ಸಾಲಾಗಿ ನಿಂತು ತಟ್ಟಿದಾಗ, ಅವರು ಕೇಳುತ್ತಿರುವುದು ರೊಟ್ಟಿ ಎಂದು ಗೊತ್ತಾಯಿತು.

ಆಗಲೇ ಕಿಟಕಿಯ ಆಚೆಯಿಂದ ಆರನೆಯವರೊಬ್ಬರು ತಟ್ಟಿದ್ದು ಕೇಳಿಸಿತು. ನಾಚಿಕೆಯಿಂದ ಮುಖ ನೋಡಲಿಲ್ಲ. ಕಿಟಕಿಗೆ ಒರಗಿಸಿದ್ದ ಊರುಗೋಲು ಮಾತ್ರ ಕಂಡಿತು. ಈ ಮನೆಯಲ್ಲಿ ಊರುಗೋಲು ಇರುವುದು ಒಂದೇ.

ಆದ್ದರಿಂದ ನಾಳೆ ರೊಟ್ಟಿ ಬಡಿಯಲು ಒಪ್ಪಿಗೆ ಕೊಡಿ. ಬರೆಯುವುದು ಬೇಡ, ಇನ್ನೊಮ್ಮೆ ತಟ್ಟಿದರೆ ಸಾಕು. ಹಿಟ್ಟು ಆರು ಜನಕ್ಕೆಂದೇ ತೆಗೆದಿಟ್ಟಿದ್ದೇನೆ.

ಇಂತಿ, ಸದ್ದು ಮಾಡದ
ದೇವಿಕಾ