ಹಣ್ಣಾದಾಗ ಬಾ ಅಂದಿದ್ದಳು ಅಮ್ಮ

ಅಕ್ಕಾ,

ನಿಮ್ಮಲ್ಲಿಂದ ಬಂದು ಇಪ್ಪತ್ತು ದಿನವಾಯಿತು. ನಿನ್ನ ಫೋನ್ ಒಂದು ಸಲವೂ ಎತ್ತಿಲ್ಲ. ಎತ್ತಿದ್ದರೆ ಇಬ್ಬರೂ ಕೂಗಾಡುತ್ತಿದ್ದೆವು, ಆಮೇಲೆ ನೀನು ಅಳುತ್ತಿದ್ದೆ, ನೀನು ಅತ್ತರೆ ನಾನು ಕರಗಿ "ಹೋಗಲಿ ಬಿಡು" ಅಂದುಬಿಡುತ್ತಿದ್ದೆ. ಚಿಕ್ಕಂದಿನಿಂದ ನಡೆದುಬಂದದ್ದೇ ಹಾಗೆ. ಈ ಸಲ ಹೋಗಲಿ ಬಿಡು ಅನ್ನಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಈ ಕಾಗದ.

ಆ ಗಿಡ ಮನೆಗೆ ಬಂದ ದಿನ ನಿನಗೆ ನೆನಪಿರಬೇಕು. ಅಮ್ಮ ಆಗ ಕಾಲೇಜಿನ ತೋಟದಲ್ಲಿ ಕಸ ಗುಡಿಸುತ್ತಿದ್ದಳು. ಬಿಸಾಡಲು ಇಟ್ಟಿದ್ದ ಕುಂಡಗಳಲ್ಲಿ ಒಂದನ್ನು ಬಟ್ಟೆಚೀಲದಲ್ಲಿಟ್ಟು ತಂದಿದ್ದಳು. ಗೇಣುದ್ದದ ಗಿಡ, ನಾಲ್ಕೈದು ಎಲೆ. ಹೆಸರು ಜಬೋಟಿಕಾಬ, ಎಲ್ಲೋ ದೂರದೇಶದ್ದು, ಹಣ್ಣು ಕೊಂಬೆಯ ತುದಿಗಲ್ಲ, ಕಾಂಡದ ತೊಗಟೆಗೇ ಅಂಟಿಕೊಂಡು ದ್ರಾಕ್ಷಿಯ ಹಾಗೆ ಕಪ್ಪಗೆ ಬಿಡುತ್ತದೆ ಅಂತ ತೋಟದ ಮಾಲಿ ಹೇಳಿದ್ದನಂತೆ. ನೀನು ಪುಸ್ತಕಗಳ ಬೈಂಡಿಂಗಿಗೆ ಅಂಟು ಕಲಸುತ್ತಾ ನಕ್ಕಿದ್ದೆ. "ಹಲಸು ಕಾಂಡದಲ್ಲಿ ಬಿಡೋದು ನೋಡಿದೀನಿ, ದ್ರಾಕ್ಷಿನೂ ಬಿಡುತ್ತಾ? ಮಾಲಿ ನಿನ್ನ ಕಿವಿಗೆ ಹೂ ಇಟ್ಟಿದಾನಮ್ಮ!" ಅಮ್ಮನ ನಾಲಗೆಗೆ ಆ ಹೆಸರು ಹೊರಳಲಿಲ್ಲ. ಜಬ್ಬು ಅಂದಳು. ಅವತ್ತಿನಿಂದ ಅದು ಅವಳ ಮೂರನೇ ಮಗು.

ಮಾಳಿಗೆಯ ಮೇಲೆ, ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನಲ್ಲಿ ಅದನ್ನು ಬೆಳೆಸಿದ್ದೆವು. ಒಂದು ದಿನ ನೀರು ತಪ್ಪಿದರೂ ಎಲೆಯ ಅಂಚು ಕಂದುತ್ತಿತ್ತು. ಸೋಸಿದ ಚಹಾಪುಡಿಯನ್ನೆಲ್ಲ ಅಮ್ಮ ಅದರ ಬುಡಕ್ಕೇ ಹಾಕುತ್ತಿದ್ದಳು. ನಿನ್ನ ಬೈಂಡಿಂಗಿನ ಸ್ಕೇಲು ಕದ್ದು ನಾನು ತಿಂಗಳಿಗೊಮ್ಮೆ ಅಳೆಯುತ್ತಿದ್ದೆ. ಸ್ಕೇಲಿಗೆ ಮಣ್ಣು ಮಾಡಿದೆ ಅಂತ ನೀನು ತಲೆಗೆ ಮೊಟಕುತ್ತಿದ್ದೆ. ಅಷ್ಟು ಸೋಂಬೇರಿ ಗಿಡವನ್ನು ನಾನು ಇನ್ನೊಂದು ಕಂಡಿಲ್ಲ. ಐದನೇ ವರ್ಷ ನನಗೆ ಈ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿ, ರೈಲಿನಲ್ಲಿ ಒಂದೂವರೆ ದಿನದ ದೂರಕ್ಕೆ ಬಂದಾಗ, ಅದು ಇನ್ನೂ ನನ್ನ ಸೊಂಟಕ್ಕೂ ಬಂದಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅಮ್ಮನಿಗೆ ಲಕ್ವ ಹೊಡೆಯಿತು. ಕಿವಿ ಮೊದಲೇ ಮಂದ, ಈಗ ಮಾತೂ ತೊದಲು. ಆ ತೊದಲು ಅರ್ಥವಾಗುತ್ತಿದ್ದದ್ದು ನಿನಗೊಬ್ಬಳಿಗೇ. ಫೋನಿನಲ್ಲಿ ನಾನು ಹೇಳಿದ್ದನ್ನು ನೀನು ಅವಳ ಕಿವಿಗೆ ಕೂಗಿ ಹೇಳುತ್ತಿದ್ದೆ, ಅವಳು ಹೇಳಿದ್ದನ್ನು ನನಗೆ ಬಿಡಿಸಿ ಹೇಳುತ್ತಿದ್ದೆ. ಅವಳಿಗೂ ನನಗೂ ನಡುವೆ ಇದ್ದ ದಾರಿ ನೀನು ಅಕ್ಕಾ. ಬೇರೆ ದಾರಿ ಇರಲಿಲ್ಲ.

ಕೊನೆಯ ಸಲ ರಜಕ್ಕೆ ಬಂದಿದ್ದಾಗ ಅಮ್ಮ ನನ್ನ ಕೈ ಹಿಡಿದು ಏನೋ ಅಂದಳು. "ಜಬ್ಬು ಹಣ್ಣಾದಾಗ ಬಾ ಅಂತಿದಾಳೆ ಕಣೆ. ಮೂರೂ ಜನ ಒಟ್ಟಿಗೆ ತಿನ್ನಬೇಕಂತೆ" ಅಂತ ನೀನೇ ಹೇಳಿದೆ. ಆ ಹಣ್ಣು ಕಿತ್ತ ಮರುದಿನವೇ ಹುಳಿಯುತ್ತದೆ, ಯಾರ ಕೈಯಲ್ಲೂ ಕೊಟ್ಟು ಕಳಿಸುವಂತಿಲ್ಲ, ನಾನೇ ಬರಬೇಕು. ವರ್ಷಕ್ಕೆ ನನಗಿರುವುದು ಹನ್ನೆರಡು ದಿನ ರಜ. ಜ್ವರ ಬಂದಾಗಲೂ ಅದನ್ನು ಮುಟ್ಟದೆ ಇಟ್ಟುಕೊಂಡೆ. ಪ್ರತಿ ಭಾನುವಾರ ಕೇಳುತ್ತಿದ್ದೆ, "ಹೂ ಬಿಟ್ಟಿತಾ?" "ಇಲ್ಲ ಕಣೆ, ಬರೀ ಎಲೆ" ಅನ್ನುತ್ತಿದ್ದೆ ನೀನು. ಹಿಂದುಮುಂದು ನೋಡದೆ ನಂಬಿದೆ.

ಕೊನೆಗೆ ಆ ರಜದಲ್ಲಿ ಬಂದದ್ದು ಅಮ್ಮ ಹೋದ ಸುದ್ದಿ ಕೇಳಿ, ಅವಳ ಮುಖ ಕೊನೆಯ ಸಲ ನೋಡುವುದಕ್ಕೆ. ಅವತ್ತು ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ನಾನು ಮಾಳಿಗೆ ಹತ್ತಲೇ ಇಲ್ಲ.

ಎಂಟು ತಿಂಗಳಾದ ಮೇಲೆ, ಅಮ್ಮನ ಸಾಮಾನು ಹಂಚಿಕೊಳ್ಳೋಣ ಬಾ ಅಂತ ನೀನು ಕರೆದೆ. ಬೆಳಿಗ್ಗೆ ಬಟ್ಟೆ ಒಣಗಿಸಲು ಮಾಳಿಗೆಗೆ ಹೋದರೆ, ಬುಡದಿಂದ ಕವಲಿನವರೆಗೆ ಕಾಂಡವೇ ಕಾಣದಷ್ಟು ಕಪ್ಪು ಹಣ್ಣು! ಹುಚ್ಚಿಯ ಹಾಗೆ ಕೂಗಿದೆ, "ಅಕ್ಕಾ, ಬಿಟ್ಟಿದೆ! ಮೊದಲನೇ ಸಲ ಬಿಟ್ಟಿದೆ!" ಪಕ್ಕದ ಮಾಳಿಗೆಯಲ್ಲಿದ್ದ ಟೈಲರ್ ಮಾಮ ನಕ್ಕರು. "ಮೊದಲನೇ ಸಲ ಎಲ್ಲಮ್ಮ? ನಿಮ್ಮಮ್ಮ ಹೋಗೋ ಮುಂಚೆ ಇದಕ್ಕಿಂತ ಜಾಸ್ತಿ ಬಿಟ್ಟಿತ್ತಲ್ಲ. ನಮಗೂ ಒಂದು ಬಟ್ಟಲು ಕೊಟ್ಟಿದ್ರು. ಪಾಪ, ನಿನಗೆ ರಜ ಸಿಗಲಿಲ್ವಂತೆ."

ರಜ ಸಿಗಲಿಲ್ಲ ಅಂತ ಯಾರು ಹೇಳಿದರು ಅಂತ ಕೇಳಿದೆ. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೀನು ಅಮ್ಮನ ಕಿವಿಗೆ ಕೂಗಿದ್ದು ಗೋಡೆಯಾಚೆಗೂ ಕೇಳಿಸಿತ್ತು: "ಫೋನ್ ಮಾಡ್ದೆ ಅಮ್ಮಾ, ಅವಳು ಬರಲ್ವಂತೆ, ರಜ ಇಲ್ವಂತೆ!" ಹತ್ತು ಹದಿನೈದು ದಿನ, ಹಣ್ಣು ಮುಗಿಯುವವರೆಗೂ, ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳಂತೆ.

ತಿರುಗಿ ನೋಡಿದರೆ ನೀನು ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತಿದ್ದೆ. ಅಲ್ಲ ಅನ್ನಲಿಲ್ಲ. "ಹೌದು, ಸುಳ್ಳು ಹೇಳ್ದೆ. ನಾಲ್ಕು ವರ್ಷ ಅವಳ ಮೈ ಒರೆಸಿದ್ದು ನಾನು, ತುತ್ತು ಇಟ್ಟಿದ್ದು ನಾನು. ಅವಳ ಮುಖ ಅರಳ್ತಿದ್ದದ್ದು ಮಾತ್ರ ನೀನು ಬಂದಾಗ. ಆ ಹಣ್ಣಾದರೂ ನಾವಿಬ್ಬರೇ ತಿನ್ನೋಣ ಅನ್ನಿಸ್ತು" ಅಂದೆ. ನಾನು ಒಂದು ಹಣ್ಣನ್ನೂ ಮುಟ್ಟದೆ ಚೀಲ ತುಂಬಿಕೊಂಡು ಹೊರಟುಬಿಟ್ಟೆ.

ನೀನು ಪಟ್ಟ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ರೋಗಿಗಳ ಹಾಸಿಗೆ ಬಟ್ಟೆ ಒಗೆಯುವವಳು ನಾನು. ಒಂದೊಂದು ಕಲೆಯ ಹಿಂದೆ ಯಾರದೋ ನಿದ್ದೆಗೆಟ್ಟ ಕಣ್ಣಿದೆ ಅಂತ ತಿಳಿದವಳು. "ನನ್ನ ಕೈಲಾಗಲ್ಲ, ಬಾ" ಅಂದಿದ್ದರೆ ಕೆಲಸ ಬಿಟ್ಟು ಬರುತ್ತಿದ್ದೆ. ನನ್ನನ್ನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ನೀನು ಹಾಗೆ ಮಾಡಲಿಲ್ಲ. ಕರೆದರೂ ಬಾರದ ಮಗಳನ್ನಾಗಿ ಮಾಡಿದೆ ನನ್ನನ್ನು. ಅಮ್ಮ ಹಾಗೆಂದು ನಂಬಿಕೊಂಡೇ ಕಣ್ಣು ಮುಚ್ಚಿದಳು. ಅದನ್ನು ಅಲ್ಲ ಅಂತ ಈಗ ಯಾರ ಕಿವಿಗೆ ಕೂಗಲಿ ಅಕ್ಕಾ?

ನಿನ್ನಿಂದ ಕ್ಷಮೆ ಕೇಳಿಸಿಕೊಳ್ಳುವ ಆಸೆ ನನಗಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ಆ ಹಣ್ಣನ್ನು ಮೊದಲ ಸಲ ಬಾಯಿಗಿಟ್ಟಾಗ ಅಮ್ಮ ಏನಂದಳು? ಸಿಪ್ಪೆ ಉಗಿದಳೋ, ನುಂಗಿದಳೋ? ಕಣ್ಣು ಕಿರಿದು ಮಾಡಿ ಹುಳಿ ಅಂದಳೋ, ಇನ್ನೊಂದು ಕೊಡು ಅಂದಳೋ? ನನ್ನ ಬಗ್ಗೆ ಏನಾದರೂ ಅಂದಿದ್ದರೆ ಅದನ್ನೂ ಬರೆ. ಬೈದಿದ್ದರೆ ಬೈದದ್ದನ್ನೇ ಬರೆ. ಅವಳ ಕೊನೆಯ ಮಾತುಗಳೆಲ್ಲ ಈಗ ನಿನ್ನೊಬ್ಬಳ ಹತ್ತಿರ ಇವೆ, ಒಂದಕ್ಷರ ಬದಲಿಸದೆ ನನ್ನ ಪಾಲಿನದನ್ನು ನನಗೆ ಕಳಿಸಿಕೊಡು.

ಅಮ್ಮನನ್ನು ಎತ್ತಿ ಕೂರಿಸಿ ಸವೆದ ನಿನ್ನ ಬೆನ್ನಿನ ನೋವು ಕಡಿಮೆಯಾಗಲಿ. ಅಷ್ಟು ಹಾರೈಸುವ ಮನಸ್ಸು ಇನ್ನೂ ಉಳಿದಿದೆ.

ಉತ್ತರಕ್ಕೆ ಕಾಯುತ್ತಿರುವ,
ನಿನ್ನ ತಂಗಿ