ಇಬ್ಬರೂ ಒಟ್ಟಿಗೆ ಹೊರಡುವುದು

ಮಾರ್ಚ್ ೨, ಭಾನುವಾರ

ಪ್ರೀತಿಯ ಕಾಳುಮೆಣಸಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಬೈಯಬೇಡ. ಒಂದು ಸಲ ಬರೆಯಲು ಕೂತವಳು ಪೆನ್ನು ಹಿಡಿದೇ ನಿದ್ದೆ ಹೋದೆ. ದಿಂಬಿನ ಮೇಲೆ ನೀಲಿ ಕಲೆ. ದಿನವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಊರವರ ಕಲೆಯನ್ನೆಲ್ಲ ತೆಗೆಯುವವಳು ನಾನು, ನನ್ನ ದಿಂಬಿನದು ಇನ್ನೂ ಹಾಗೇ ಇದೆ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನೀನು "ಹುಷಾರಾಗಿದೀಯಾ" ಅಂತೀಯ, ನಾನು "ಹೂಂ" ಅಂತೀನಿ, ಅಲ್ಲಿಗೆ ಮುಗಿಯಿತು ನಮ್ಮ ಮಾತು.

ಪ್ರವಾಸದ ವಿಷಯಕ್ಕೆ ಬರುತ್ತೇನೆ. ನೀನು ಹಟ ಹಿಡಿದ ಹಾಗೆ ನಿಮ್ಮಪ್ಪನೂ ಒಪ್ಪಿದ್ದಾರೆ. ಒಪ್ಪಿದ್ದಾರೆ ಅಂದರೆ ಟಿಕೆಟ್ಟಿನ ಸುದ್ದಿಯೇ ಇಲ್ಲದಾಗ ಹುಲ್ಲಿನ ಟೋಪಿ ಕೊಂಡು ತಂದಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಅದನ್ನು ಹಾಕಿಕೊಂಡು ಅಡುಗೆಮನೆಯಲ್ಲಿ ಟೀ ಸೋಸುತ್ತಾರೆ. ಬಿಸಿಲು ಎಲ್ಲಿದೆ ಅಂದರೆ, "ಅಭ್ಯಾಸ ಬೇಡವಾ? ಅಲ್ಲಿ ಹೋಗಿ ತಲೆ ಕೆರ್ಕೊಳ್ತಾ ನಿಂತ್ಕೊಳ್ಳಲಾ?" ಅನ್ನುತ್ತಾರೆ.

ಎಲ್ಲಾದರೂ ಹತ್ತಿರದ ಬೆಟ್ಟಕ್ಕೋ ಕೆರೆಗೋ ಹೋಗಿಬರೋಣ ಅಂದೆ ನಾನು. ಕೇಳಲಿಲ್ಲ. ಕೆರಿಬಿಯನ್ ದ್ವೀಪಕ್ಕೇ ಆಗಬೇಕಂತೆ, ಅದೂ ಆ ದ್ವೀಪವೇ. ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ನಿನ್ನ ಅಣ್ಣ, ನಮ್ಮ ದೊರೆ, ದಿನಾ ನೋಡುತ್ತಿದ್ದ ಸಿ.ಡಿ.ಯ ದ್ವೀಪ. ಮಲಗಿದಲ್ಲೇ ಇರುತ್ತಿದ್ದ ಅವನನ್ನು ಸಮಾಧಾನ ಮಾಡಲು ಬೇರೆ ಯಾವುದಕ್ಕೂ ಆಗುತ್ತಿರಲಿಲ್ಲ. ಕೊಕ್ಕಿನ ಕೆಳಗೆ ಚೀಲ ಇರುವ ಆ ಹಕ್ಕಿ ಸಮುದ್ರಕ್ಕೆ ದೊಪ್ಪೆಂದು ಬೀಳುವಾಗ ನಗುತ್ತಿದ್ದನಲ್ಲ, ಪ್ರತಿ ಸಲ ಹೊಸದಾಗಿ ನೋಡಿದವನ ಹಾಗೆ. ಹಕ್ಕಿ ಆದಮೇಲೆ ಹಳದಿ ದೋಣಿ, ದೋಣಿ ಆದಮೇಲೆ ಬಲೆ ಹೊಲಿಯುವ ಮುದುಕ. ನನಗೂ ಬಾಯಿಪಾಠ, ನಿಮ್ಮಪ್ಪನಿಗೂ ಬಾಯಿಪಾಠ. ಆದರೆ ನಾವಿಬ್ಬರೂ ಒಟ್ಟಿಗೆ ಕೂತು ಅದನ್ನು ಒಂದು ಸಲವೂ ನೋಡಿಲ್ಲ ಅನ್ನುವುದು ಮೊನ್ನೆ ಗೊತ್ತಾಯಿತು. ನಾನು ಸಂಜೆಯ ಹೊತ್ತು ನೋಡಿದ್ದು, ಅವರು ಬೆಳಗಿನ ಹೊತ್ತು.

ನೋಡುವುದಾದರೂ ಹೇಗೆ? ನಾನು ಲಾಂಡ್ರಿಯಿಂದ ಬರುವ ಹೊತ್ತಿಗೆ ಅವರು ಬ್ರೆಡ್ ಕಾರ್ಖಾನೆಗೆ ಹೊರಟು ನಿಂತಿರುತ್ತಿದ್ದರು. ಅವರು ಮೈತುಂಬ ಹಿಟ್ಟು ಮಾಡಿಕೊಂಡು ಬೆಳಿಗ್ಗೆ ಬಂದರೆ ನಾನು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದೆ. ಬಾಗಿಲಲ್ಲೇ ನಮ್ಮ ಸಂಸಾರ. "ಗಂಜಿ ಕುಡಿದಿದಾನೆ, ಔಷಧಿ ಹಾಕಿದೀನಿ, ಎಡಗಡೆ ಮಲಗಿಸಬೇಡಿ." "ಆಯ್ತು, ಹೋಗು." ಇಷ್ಟೇ. ದೊರೆಗೆ ಮಾತು ಬರದಿದ್ದರೂ ಲೆಕ್ಕ ತಪ್ಪುತ್ತಿರಲಿಲ್ಲ. ಹೊರಡುವವರು ಮೆಟ್ಟಿಲು ಇಳಿದರೆ ಸಾಕು, ಒಳಗಿನಿಂದ ಒಂದು ಕೂಗು ಹಾಕುತ್ತಿದ್ದ. ಗೇಟಿನ ಹತ್ತಿರ ನಿಂತು "ಬರ್ತೀನೋ ದೊರೆ" ಅಂದಮೇಲೇ ಸುಮ್ಮನಾಗುತ್ತಿದ್ದದ್ದು. ಮಳೆ ಬರಲಿ, ಬಸ್ಸು ತಪ್ಪಲಿ, ಆ ಕೂಗಿಗೆ ಕಾಯದೆ ನಾವು ಗೇಟು ದಾಟಿದವರಲ್ಲ.

ಅವನು ಹೋಗಿ ವರ್ಷವಾಗುತ್ತ ಬಂತು. ಈಗ ಯಾರನ್ನೂ ನೋಡಿಕೊಳ್ಳಬೇಕಾಗಿಲ್ಲ. ಆದರೂ ನಿಮ್ಮಪ್ಪ ರಾತ್ರಿ ಪಾಳಿ ಬಿಟ್ಟಿಲ್ಲ, ನಾನು ಹಗಲು ಪಾಳಿ ಬಿಟ್ಟಿಲ್ಲ, ಬಾಗಿಲಲ್ಲಿ ನಿಂತು ವರದಿ ಒಪ್ಪಿಸುವುದನ್ನೂ ಬಿಟ್ಟಿಲ್ಲ. ಮೊನ್ನೆ ಅವರಿಗೆ ಹೇಳುತ್ತಿದ್ದೇನೆ, "ಹಾಲು ಕಾಸಿಟ್ಟಿದೀನಿ, ಗ್ಯಾಸ್ ಆರಿಸಿದೀನಿ, ಕಿಟಕಿ ಹಾಕಿದೀನಿ." ಅವರು ತಲೆಯಾಡಿಸಿ, "ಆಯ್ತು, ಹೋಗು" ಅಂದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ, ನಮ್ಮದು ಹುಟ್ಟಿದ ಮೇಲೆ ಕಲಿತದ್ದು, ಅದೂ ಹೋಗಲಿಲ್ಲ.

ಈಗ ನಮ್ಮ ಪೆದ್ದುತನ ಕೇಳು. ನಿನ್ನೆ ಟಿಕೆಟ್ ಆಫೀಸಿಗೆ ಹೋಗಿದ್ದೆವು, ನಿಮ್ಮಪ್ಪ ಪಕ್ಕದ ಮನೆಯಾಕೆಯನ್ನು ಮನೆಯಲ್ಲಿ ಕೂರಿಸಿ, ನಾನು ಲಾಂಡ್ರಿಯಿಂದ ನೇರವಾಗಿ. ಅಲ್ಲಿ ಕೂತಿರುವವಳು ನಿನ್ನ ವಯಸ್ಸಿನ ಹುಡುಗಿ, ಒಳ್ಳೆಯ ತಾಳ್ಮೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಅಲ್ಲಿ ಚಂಡಮಾರುತದ ಕಾಟವಂತೆ, ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಹೋಗಿಬನ್ನಿ ಅಂದಳು. ನಾವು ಅದನ್ನು ಮೊದಲೇ ವಿಚಾರಿಸಿ ರಜೆ ಮಂಜೂರು ಮಾಡಿಸಿಕೊಂಡೇ ಹೋಗಿದ್ದೆವು, ಜಂಬದಿಂದ. "ಯಾವ ವಾರ?" ಅಂದಳು. "ಮೊದಲನೇ ವಾರ" ಅಂದೆ ನಾನು. "ಎರಡನೇ ವಾರ" ಅಂದರು ನಿಮ್ಮಪ್ಪ. ಒಂದೇ ಉಸಿರಿಗೆ. ಆ ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ನೀವಿಬ್ರೂ ಒಟ್ಟಿಗೆ ತಾನೆ ಹೋಗೋದು?" ಅಂತ ಮೆಲ್ಲಗೆ ಕೇಳಿದಳು.

ನಾನು ಮೊದಲನೇ ವಾರ ಕೇಳಿದ್ದು ಆ ವಾರ ಅವರು ಮನೆಯಲ್ಲಿರುತ್ತಾರೆ ಅಂತ. ಅವರು ಎರಡನೇ ವಾರ ಕೇಳಿದ್ದು ಅಷ್ಟರಲ್ಲಿ ನಾನು ವಾಪಸ್ ಬಂದಿರುತ್ತೇನೆ ಅಂತ. ಯೋಚನೆ ಮಾಡಿ ಮಾಡಿದ್ದಲ್ಲ, ತಾನಾಗಿ ಹಾಗೆ ಆದದ್ದು. ಜೀವಮಾನದ ಮೊದಲ ಪ್ರವಾಸವನ್ನೂ ಪಾಳಿಯ ಮೇಲೆ ಮಾಡಲು ಹೊರಟಿದ್ದೆವು. ಸುಳ್ಳು ಯಾಕೆ, ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ನಿಮ್ಮಪ್ಪನೂ ನಕ್ಕರು. ಆಮೇಲೆ ನಮ್ಮ ಸ್ಟಾಪು ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತರು.

ರಜೆ ಬದಲಾಯಿಸಿಕೊಡಿ ಅಂತ ನಾಳೆ ಮೇಲ್ವಿಚಾರಕಿಯ ಕೈಕಾಲು ಹಿಡಿಯಬೇಕು. ನೀನು ನಮ್ಮನ್ನು ಕಳಿಸಲು ಇಲ್ಲಿಯವರೆಗೆ ಬರುತ್ತೇನೆ ಅಂದಿದ್ದೀಯ. ಅದೇನೂ ಬೇಡ. ನಾವೇನು ಯುದ್ಧಕ್ಕೆ ಹೋಗುತ್ತಿದ್ದೇವೆಯೇ? ನಿನ್ನ ಕೆಲಸ ನೋಡಿಕೋ.

ಅಳಿಯಂದಿರಿಗೆ ನೆನಪು ಹೇಳು. ಸರಿಯಾಗಿ ತಿನ್ನು.

ನಿನ್ನ ಅಮ್ಮ


ಮಾರ್ಚ್ ೨೩, ಭಾನುವಾರ

ಪ್ರೀತಿಯ ಕಾಳುಮೆಣಸಿಗೆ,

ಈ ಸಲವೂ ತಡ. ಈ ಸಲ ನೆಪ ಕೊಡುವುದಿಲ್ಲ. ಸುಸ್ತು, ಅಷ್ಟೇ. ಇಷ್ಟು ವರ್ಷ ಓಡಾಡುವಾಗ ಇಲ್ಲದ ಸುಸ್ತು ಈಗ ಕೂತಲ್ಲಿ ಬರುತ್ತಿದೆ. ಸಾಲುಗಟ್ಟಿ ನಿಂತಿತ್ತೋ ಏನೋ, ಬಾಗಿಲು ತೆರೆದ ಕೂಡಲೇ ಎಲ್ಲ ಒಳಗೆ ಬಂತು.

ಮೇಲ್ವಿಚಾರಕಿ ಬೈದುಕೊಂಡೇ ರಜೆ ಬದಲಾಯಿಸಿಕೊಟ್ಟಳು. ಇಬ್ಬರಿಗೂ ಎರಡನೇ ವಾರ. ಟಿಕೆಟ್ ಕೈಗೆ ಬಂದಿದೆ, ಹೋದ ಸಲದ ಹಾಗೇ ಬೇರೆಬೇರೆಯಾಗಿ ಹೋಗಿ ತಂದೆವು. ಸಮುದ್ರ ಕಾಣುವ ರೂಮು ಬೇಕಾ, ತೋಟ ಕಾಣುವ ರೂಮು ಬೇಕಾ ಅಂತ ಟಿಕೆಟ್ ಆಫೀಸಿನ ಹುಡುಗಿ ಕೇಳಿದಳು. "ಸದ್ದು ಕೇಳಿಸದ ರೂಮು ಕೊಡಮ್ಮ, ನಾನು ನಿದ್ದೆ ಮಾಡ್ಬೇಕು" ಅಂದೆ. ದಿನಾ ಬೆಡ್‌ಶೀಟ್ ಬದಲಾಯಿಸುತ್ತಾರೆ ಮೇಡಂ ಅಂತ ದೊಡ್ಡ ವಿಷಯದ ಹಾಗೆ ಹೇಳಿದಳು. ಅಲ್ಲಿ ತೊಳೆಯುವವಳು ನನ್ನಂಥವಳೇ ಯಾರೋ. ನಮಗೆ ಎರಡು ದಿನಕ್ಕೊಮ್ಮೆ ಸಾಕು ಅಂತ ಹೇಳಿಬಿಡು ಅಂದೆ. ನಿಮ್ಮಪ್ಪ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಚೀಲದ ಹಕ್ಕಿ ಈಗ್ಲೂ ಇದೆಯಾ ಅಲ್ಲಿ?" ಅವಳು ಕಂಪ್ಯೂಟರಿನಲ್ಲಿ ನೋಡಿ, ಬೇಕಾದಷ್ಟಿವೆ ಅಂದಮೇಲೇ ಕುರ್ಚಿಯಿಂದ ಎದ್ದರು.

ಸೂಟ್‌ಕೇಸು ನಿನ್ನ ಮದುವೆಯದ್ದೇ. ಅದನ್ನು ಕೆಳಗಿಳಿಸಿದಾಗ ಒಳಗೆ ನಿನ್ನ ಮದುವೆಯ ಫೋಟೋಗಳು ಸಿಕ್ಕವು. ಬೆಳಗಿನ ಫೋಟೋಗಳಲ್ಲಿ ನಾನಿದ್ದೇನೆ, ಸಂಜೆಯವುಗಳಲ್ಲಿ ನಿಮ್ಮಪ್ಪ ಇದ್ದಾರೆ. "ಸಮುದ್ರದ ಮುಂದೆ ಇಬ್ಬರೂ ನಿಂತ ಒಂದೇ ಒಂದು ಫೋಟೋ ಕಳಿಸಮ್ಮ" ಅಂತ ನೀನು ಬರೆದದ್ದು ಯಾಕೆ ಅಂತ ಆಗ ಅರ್ಥವಾಯಿತು. ಕಳಿಸುತ್ತೇವೆ. ಟೋಪಿ ಮಾತ್ರ ತೆಗೆಸುತ್ತೇನೆ.

ನನಗೊಂದು ಹೆದರಿಕೆ ಇದೆ. ನಿನ್ನ ಹತ್ತಿರವಲ್ಲದೆ ಇನ್ನಾರ ಹತ್ತಿರ ಹೇಳಲಿ? ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಾನು, ಇವರು. ಬಾಗಿಲಲ್ಲಿ ಒಪ್ಪಿಸಲು ವರದಿ ಇಲ್ಲ. ಏನು ಮಾತಾಡುವುದು? ಎರಡು ಭಾನುವಾರದಿಂದ ಮನೆಯಲ್ಲಿ ಪ್ರಯತ್ನ ಮಾಡುತ್ತಿದ್ದೇವೆ. ನಿಮ್ಮಪ್ಪ ಟೀಯನ್ನು ಸೊರ್ ಅಂತ ಸದ್ದು ಮಾಡಿ ಕುಡಿಯುತ್ತಾರೆ ಅಂತ ನನಗೆ ಈಗ ಗೊತ್ತಾಯಿತು. ನಾನು ಒಬ್ಬಳೇ ಗೊಣಗಿಕೊಳ್ಳುತ್ತೇನಂತೆ, ಅವರಿಗೆ ಈಗ ಗೊತ್ತಾಯಿತು. "ಯಾರ ಹತ್ರ ಕಣೇ ಮಾತಾಡ್ತಿದ್ದೀಯ?" ಅಂದರು. ಯಾರ ಹತ್ತಿರ ಅಂತ ಇಬ್ಬರಿಗೂ ಗೊತ್ತಿತ್ತು. ಅವರು ಎದ್ದು ಹೋಗಿ ಸಿ.ಡಿ. ಹಾಕಿದರು. ಒಟ್ಟಿಗೆ ಕೂತು ನೋಡಿದೆವು. ಹಕ್ಕಿ ನೀರಿಗೆ ಬೀಳುವ ಹೊತ್ತಿಗೆ ಇಬ್ಬರೂ ಪರದೆ ಬಿಟ್ಟು ಮಂಚದ ಕಡೆ ತಿರುಗಿದೆವು. ಅವನ ನಗು ನೋಡಿಯೇ ರೂಢಿ ನೋಡು, ಹಕ್ಕಿ ಬೀಳುವುದನ್ನು ನಾವು ಸರಿಯಾಗಿ ನೋಡಿಯೇ ಇರಲಿಲ್ಲ.

ಇನ್ನೊಂದು ಸುದ್ದಿ. ನಮ್ಮ ಮನೆಗೆ ಬೀಗದ ಕೈ ಇಲ್ಲ. ಒಂದು ವಾರ ಹೋಗುತ್ತೇವಲ್ಲ, ಬೀಗ ಹಾಕಬೇಕಲ್ಲ ಅಂತ ಹುಡುಕಿದರೆ ಎಲ್ಲಿಯೂ ಸಿಗಲಿಲ್ಲ. ಕಡೆಗೆ ಬೀಗ ರಿಪೇರಿಯವನನ್ನು ಕರೆಸಿದೆವು. ಅವನು ಬಾಗಿಲ ಮುಂದೆ ಮಂಡಿಯೂರಿ ಕೂತು, ಎಣ್ಣೆ ಬಿಟ್ಟು, ತಟ್ಟಿ, "ಇದು ಒಳಗೇ ತುಕ್ಕು ಹಿಡಿದು ಕೂತಿದೆ ಸಾರ್. ಒಂದು ಸಲಾನೂ ತಿರುಗಿಸಿಲ್ವಾ? ನೀವು ಮನೆ ಬಿಟ್ಟು ಎಲ್ಲೂ ಹೋಗೇ ಇಲ್ವಾ?" ಅಂದ. "ಹೋಗಿದೀವಪ್ಪ. ಒಬ್ಬೊಬ್ರೇ" ಅಂದರು ನಿಮ್ಮಪ್ಪ. ಅವನು ಚೀಲದಿಂದ ಉಳಿ ತೆಗೆದ. ಹಳೆಯದನ್ನು ಕಿತ್ತು ಹೊಸ ಬೀಗ ಕೂರಿಸಿ ಹೋದ. ಹಿತ್ತಾಳೆಯದು, ಆ ಬಾಗಿಲಿಗೆ ಒಪ್ಪುವುದಿಲ್ಲ.

ಬಟ್ಟೆ ಜೋಡಿಸಿದ್ದಾಯಿತು. ಪಕ್ಕದ ಮನೆಯಾಕೆ ಗಿಡಕ್ಕೆ ನೀರು ಹಾಕುತ್ತೇನೆ ಅಂದಿದ್ದಾಳೆ. ಹೊರಡುವುದೊಂದು ಬಾಕಿ. ನಿನ್ನ ಹೊಟ್ಟೆ ತಣ್ಣಗಿರಲಿ, ಅಳಿಯಂದಿರೂ ನೀನೂ ನೂರು ಕಾಲ ಒಂದೇ ಹೊತ್ತಿಗೆ ಕೂತು ಊಟ ಮಾಡುವ ಹಾಗಾಗಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಅಂತ ಬಿಟ್ಟಿದ್ದೆ. ಬೀಗದವನು ಹೋದಮೇಲೆ ನಿಮ್ಮಪ್ಪ, ಒಂದು ಸಲ ಹಾಕಿ ನೋಡೋಣ ಬಾ ಅಂದರು. ಟೋಪಿ ಹಾಕಿಕೊಂಡರು. ನಾನೂ ಚಪ್ಪಲಿ ಮೆಟ್ಟಿದೆ. ಇಬ್ಬರೂ ಹೊರಗೆ ಬಂದು, ಬೀಗ ಹಾಕಿ, ಮೆಟ್ಟಿಲಿಳಿದು ಗೇಟಿನ ಹತ್ತಿರ ಹೋದೆವು. ಅಲ್ಲಿ ಅವರು ನಿಂತರು. ನಾನೂ ನಿಂತೆ. ಬೀದಿಯಲ್ಲಿ ಹೋಗುವವರು ನೋಡಿಕೊಂಡು ಹೋದರು. ಎಷ್ಟು ಹೊತ್ತು ನಿಂತರೂ ಒಳಗಿನಿಂದ ಕೂಗು ಬರಲಿಲ್ಲ. ಕಡೆಗೆ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ವಾಪಸ್ ಹೋಗಿ, ಬೀಗ ತೆಗೆದು, ದೊರೆಯ ಮಂಚದ ಮೇಲೆ ಕೂತುಬಿಟ್ಟರು. "ನನ್ನಿಂದ ಆಗಲ್ಲ ಕಣೇ, ಮನೆ ಖಾಲಿ ಬಿಟ್ಟು ಹೋಗೋಕೆ" ಅಂದರು. ನನ್ನಿಂದಲೂ ಆಗುವುದಿಲ್ಲ ಅಂತ ನಾನು ಹೇಳಲಿಲ್ಲ.

ಈ ಗೇಟನ್ನು ನಾವಿಬ್ಬರೂ ಒಟ್ಟಿಗೆ ದಾಟಿ ಹೊರಟದ್ದು ಒಂದೇ ಸಲ, ಹೋದ ವರ್ಷ, ಅವನ ಹಿಂದೆ. ಆ ದಿನವೂ ಮನೆ ಖಾಲಿ ಇರಲಿಲ್ಲ. ಒಳಗೆ ನೀನಿದ್ದೆ.

ಬರುವುದು ಬೇಡ ಅಂದಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನಾವು ಹೊರಡುವ ಬೆಳಿಗ್ಗೆ ನೀನು ಬಾ. ವಿಮಾನ ನಿಲ್ದಾಣಕ್ಕೆ ಬರಬೇಕಾಗಿಲ್ಲ, ಸಾಮಾನು ಎತ್ತಬೇಕಾಗಿಲ್ಲ, ಕೂಗಬೇಕಾಗಿಯೂ ಇಲ್ಲ. ಸುಮ್ಮನೆ ಒಳಗೆ ಇರು. ನಾವು ಗೇಟು ದಾಟಿ ಹೋದಮೇಲೆ ನೀನೇ ಬೀಗ ಹಾಕಿಕೊಂಡು ಹೋಗು.